ಮೂರು ಗಡಿಯ ಹಳ್ಳಿ ಷೆಂಗೆನ್: ಗೇಟು ತೆಗೆದರೆ ಸಾಕೇ?

ಜರ್ಮನಿ ಸರ್ಕಾರ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲಾ ಭೂಗಡಿಗಳಲ್ಲೂ ಪೊಲೀಸರನ್ನು ನಿಲ್ಲಿಸಿ ತಪಾಸಣೆ ಶುರು ಮಾಡಿತು. ಮೊದಲು ಆರು ತಿಂಗಳ ಮಟ್ಟಿಗೆ ಅಂತ ಹೇಳಿತು. ಅವಧಿ ಮುಗಿಯುತ್ತಾ ಬಂದ ಹಾಗೆ ಮತ್ತೆ ಮತ್ತೆ ಮುಂದುವರಿಸಿತು. ಅಕ್ರಮ ವಲಸೆ ತಡೆಯುವುದಕ್ಕೆ ಇದು ಬೇಕೇ ಬೇಕು ಅನ್ನುವುದು ಬರ್ಲಿನ್ನಿನ ಮಾತು. ನಮ್ಮ ದಿನದ ಬದುಕಿಗೆ ಇದು ಕಲ್ಲು ಹಾಕಿದ ಹಾಗೆ ಅನ್ನುವುದು ಗಡಿಯ ಪಕ್ಕದ ಊರುಗಳ ಮಾತು. ಹಾಗೆ ಹೇಳಿದವರಲ್ಲಿ ಲಕ್ಸೆಂಬರ್ಗ್ ಅನ್ನುವ ಪುಟ್ಟ ದೇಶದವರ ದನಿ ಗಟ್ಟಿಯಾಗಿತ್ತು. ಆ ದೇಶದ ತೆಂಕಣ ತುದಿಯಲ್ಲಿ ಒಂದು ಹಳ್ಳಿ ಇದೆ. ಅದರ ಹೆಸರೇ ಷೆಂಗೆನ್.

ಈ ಹೆಸರು ನಮಗೆ ಪೂರಾ ಹೊಸದೇನಲ್ಲ. ನಮ್ಮ ಗಡಿ ಹಳ್ಳಿಗಳಿಂದ ಬೆಂಗಳೂರಿಗೆ ಓದಲು ಹೋದ ಹುಡುಗರು ಕೆಲಸಕ್ಕೆಂದು ಯೂರೋಪಿಗೆ ಹೊರಟಾಗ 'ಷೆಂಗೆನ್ ವೀಸಾ ಆಯ್ತು' ಅಂತ ಮನೆಗೆ ಫೋನ್ ಮಾಡ್ತಾರೆ. ಅದೇನೋ ಕಂಪನಿಯ ಹೆಸರಿರಬೇಕು ಅಂದುಕೊಳ್ಳುವವರೇ ಜಾಸ್ತಿ. ಕಂಪನಿಯಲ್ಲ, ಊರು. ಅದೂ ದ್ರಾಕ್ಷಿ ಬೆಳೆಯುವ ರೈತರ ಊರು. ಸಾವಿರದೊಳಗಿನ ಜನ, ಒಂದು ಹಳೆಯ ಕೋಟೆಮನೆ, ಒಂದು ಚರ್ಚು, ಹಿಂದುಗಡೆ ಗುಡ್ಡದ ತುಂಬ ದ್ರಾಕ್ಷಿ ಸಾಲು, ಮುಂದೆ ಮೊಸೆಲ್ ನದಿ. ಇಂದು 29 ದೇಶಗಳ ನಡುವಿನ ಒಪ್ಪಂದಕ್ಕೆ ಈ ಊರಿನ ಹೆಸರೇ ಅಂಟಿಕೊಂಡಿದೆ.

ಗಡಿಯಲ್ಲಿ ಹುಟ್ಟಿ, ಗಡಿಯಲ್ಲೇ ಉತ್ತು ಬಿತ್ತಿ, ಎರಡು ಭಾಷೆಯಲ್ಲಿ ನಾಲ್ಕಕ್ಷರ ಬರೆದುಕೊಂಡು ಬಂದವನು ನಾನು. ಮಡಕಶಿರಾ ಸೀಮೆಯ ನಮ್ಮ ತೆಲುಗಿನಲ್ಲಿ 'ಸರಿಹದ್ದು' ಅಂದರೂ ಕನ್ನಡದಲ್ಲಿ 'ಸರಹದ್ದು' ಅಂದರೂ ಗೆರೆ ಒಂದೇ. ಆದ್ದರಿಂದ ದೂರದ ಈ ಹಳ್ಳಿಯ ಕಥೆಯನ್ನು ಪ್ರವಾಸಿಯ ಕಣ್ಣಿನಿಂದ ನೋಡಲು ನನ್ನಿಂದ ಆಗುವುದಿಲ್ಲ. ಅಲ್ಲಿ ಗೆರೆ ಹೇಗೆ ಬಂತು, ಹೇಗೆ ತೆಳುವಾಯಿತು, ಈಗ ಯಾಕೆ ಮತ್ತೆ ದಪ್ಪವಾಗುತ್ತಿದೆ ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ.

ಜನ ಕದಲಲಿಲ್ಲ, ಗೆರೆ ಕದಲಿತು

ಷೆಂಗೆನ್ನಿನ ಎದುರು ದಡದಲ್ಲಿ ಪೆರ್ಲ್ ಅನ್ನುವ ಊರು. ಅದು ಜರ್ಮನಿ. ನದಿಯ ಮೇಲ್ಗಡೆಗೆ ಸ್ವಲ್ಪ ದೂರ ನಡೆದರೆ ಅಪಾಖ್. ಅದು ಫ್ರಾನ್ಸ್. ಮೂರೂ ಊರುಗಳ ಗಂಟೆಯ ಸದ್ದು ಒಂದಕ್ಕೊಂದು ಕೇಳಿಸುವಷ್ಟು ಹತ್ತಿರ. ಮೂರೂ ಕಡೆಯ ಹಳಬರ ಮನೆಮಾತು ಒಂದೇ ಬಗೆಯದು. ಮೊಸೆಲ್ ಕಣಿವೆಯ ಜರ್ಮಾನಿಕ್ ಆಡುನುಡಿ ಅದು. ಉಚ್ಚಾರದಲ್ಲಿ ಊರಿಂದೂರಿಗೆ ಅಷ್ಟಿಷ್ಟು ವ್ಯತ್ಯಾಸ, ನಮ್ಮಲ್ಲಿ ಶಿರಾ ಕಡೆಯ ಕನ್ನಡಕ್ಕೂ ರಾಯದುರ್ಗದ ಕಡೆಯ ಕನ್ನಡಕ್ಕೂ ಇರುವಷ್ಟು.

ಹಿಂದೆ ಲಕ್ಸೆಂಬರ್ಗ್ ಈಗಿನದಕ್ಕಿಂತ ಬಹಳ ದೊಡ್ಡ ಸೀಮೆಯಾಗಿತ್ತು. 1659ರಲ್ಲಿ ಫ್ರಾನ್ಸಿಗೂ ಸ್ಪೇನಿಗೂ ಆದ ಪಿರೆನೀಸ್ ಒಪ್ಪಂದದಲ್ಲಿ ಥಿಯೊನ್ವಿಲ್ ಸುತ್ತಲಿನ ದಕ್ಷಿಣದ ಭಾಗ ಫ್ರಾನ್ಸಿಗೆ ಹೋಯಿತು. ನೆಪೋಲಿಯನ್ ಬಿದ್ದ ಮೇಲೆ, 1815ರ ವಿಯೆನ್ನಾ ಸಭೆಯಲ್ಲಿ ಮೊಸೆಲ್, ಸೌರ್, ಔರ್ ನದಿಗಳ ಪೂರ್ವದ ಭಾಗ ಪ್ರಷ್ಯಾದ ಪಾಲಾಯಿತು. 1839ರಲ್ಲಿ ಪಶ್ಚಿಮದ ಅರ್ಧಕ್ಕಿಂತ ಹೆಚ್ಚು ನೆಲ ಬೆಲ್ಜಿಯಂಗೆ ಸೇರಿತು. ಮೂರು ಸಲ ಕತ್ತರಿಸಿ ಉಳಿದ ತುಂಡೇ ಈಗಿನ ದೇಶ. ಈ ಮೂರು ಸಲವೂ ದ್ರಾಕ್ಷಿ ಬೆಳೆಯುವವನನ್ನು ಯಾರೂ ಕೇಳಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿ ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಸೇರಿಸಿದ್ದನ್ನು ಹಿರಿಯರ ಬಾಯಲ್ಲಿ ಕೇಳಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಅಪಾಖ್ ಕಡೆಯವರ ಪಾಡು ಇನ್ನೂ ವಿಚಿತ್ರ. 1871ರಲ್ಲಿ ಆ ಸೀಮೆಯನ್ನು ಜರ್ಮನಿ ಗೆದ್ದುಕೊಂಡಿತು. 1918ರಲ್ಲಿ ಫ್ರಾನ್ಸಿಗೆ ವಾಪಸು ಬಂತು. 1940ರಲ್ಲಿ ಮತ್ತೆ ಜರ್ಮನಿ ಕಿತ್ತುಕೊಂಡಿತು. ಯುದ್ಧದ ಕೊನೆಗೆ ಮತ್ತೆ ಫ್ರಾನ್ಸ್. 1870ರಲ್ಲಿ ಹುಟ್ಟಿ 75 ವರ್ಷ ಬದುಕಿದ ಒಬ್ಬ ಅಜ್ಜಿ ತನ್ನ ಒಲೆಯ ಮುಂದಿನಿಂದ ಏಳದೆಯೇ ನಾಲ್ಕು ಸಲ ದೇಶ ಬದಲಿಸಿರುತ್ತಾಳೆ. ಶಾಲೆಯ ಭಾಷೆ, ಕೋರ್ಟಿನ ಭಾಷೆ, ದುಡ್ಡಿನ ಮೇಲಿನ ಚಿತ್ರ ಎಲ್ಲವೂ ಬದಲಾದವು. ಅವಳು ಮೊಮ್ಮಕ್ಕಳನ್ನು ಬೈಯುವ ಭಾಷೆ ಮಾತ್ರ ಬದಲಾಗಲಿಲ್ಲ. ಪೆರ್ಲ್ ಕಡೆಯವರೂ ಎರಡನೇ ಮಹಾಯುದ್ಧದ ನಂತರ ಸಾರ್ ಸೀಮೆಗೆ ಸೇರಿ ಫ್ರಾನ್ಸಿನ ಉಸ್ತುವಾರಿಯಲ್ಲಿದ್ದರು. 1955ರಲ್ಲಿ ಜನಮತ ನಡೆಯಿತು, 1957ರ ಜನವರಿ 1ರಂದು ಪಶ್ಚಿಮ ಜರ್ಮನಿಗೆ ಸೇರಿದರು.

ಇಂಥ ನೆಲದಿಂದಲೇ ರಾಬರ್ಟ್ ಶೂಮನ್ ಬಂದದ್ದು. ಅವರು ಹುಟ್ಟಿದ್ದು 1886ರಲ್ಲಿ ಲಕ್ಸೆಂಬರ್ಗಿನಲ್ಲಿ. ತಾಯಿ ಅಲ್ಲಿಯವರು, ತಂದೆ ಗಡಿಯಾಚೆಯ ಲೊರೇನಿನವರು. ಹುಟ್ಟುವಾಗ ಜರ್ಮನ್ ಪ್ರಜೆ, 1918ರ ನಂತರ ಫ್ರೆಂಚ್ ಪ್ರಜೆ. ಕೊನೆಗೆ ಫ್ರಾನ್ಸಿನ ವಿದೇಶ ಮಂತ್ರಿಯಾಗಿ, 1950ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕನ್ನು ಒಂದೇ ಆಡಳಿತದಡಿ ತರುವ ಯೋಜನೆ ಮುಂದಿಟ್ಟರು. ಇಂದಿನ ಯೂರೋಪ್ ಒಕ್ಕೂಟದ ಬೇರು ಅಲ್ಲಿದೆ. ಗಡಿಯ ಮನುಷ್ಯನನ್ನು ಎರಡೂ ಕಡೆಯವರು ಅನುಮಾನದಿಂದ ನೋಡುವುದು ವಾಡಿಕೆ. ಆದರೆ ಎರಡೂ ಮನೆಯ ಒಳಗಿನ ಕೋಣೆ ಕಂಡವನೂ ಅವನೇ.

'ನಿಮ್ಮ ಮಾತೃಭಾಷೆ ಯಾವುದು?'

ಈ ಕಥೆಯಲ್ಲಿ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು 1941ರ ಪ್ರಸಂಗ. 1940ರ ಮೇ 10ರಂದು ಹಿಟ್ಲರನ ಸೈನ್ಯ ಲಕ್ಸೆಂಬರ್ಗನ್ನು ಆಕ್ರಮಿಸಿತು. ಮೇಲಧಿಕಾರಿಯಾಗಿ ಬಂದ ಗುಸ್ತಾವ್ ಸೈಮನ್ ಎಂಬಾತ 'ನೀವು ಬೇರೆ ಜನವೇ ಅಲ್ಲ, ನಿಮ್ಮದು ಜರ್ಮನ್ನಿನ ಒಂದು ಹಳ್ಳಿಮಾತು ಅಷ್ಟೆ' ಅನ್ನುವ ಧೋರಣೆ ಹಿಡಿದ. ಫ್ರೆಂಚ್ ಹೆಸರುಗಳನ್ನು ಬದಲಿಸಿದರು, ಫ್ರೆಂಚ್ ಮಾತಾಡುವುದನ್ನು ತಡೆದರು. 1941ರ ಅಕ್ಟೋಬರ್ 10ಕ್ಕೆ ಒಂದು ಗಣತಿ ಇಟ್ಟರು. ಅದರಲ್ಲಿ ಮೂರು ಪ್ರಶ್ನೆ ಮುಖ್ಯ: ನಿಮ್ಮ ಪೌರತ್ವ ಯಾವುದು, ಮಾತೃಭಾಷೆ ಯಾವುದು, ಜನಾಂಗ ಯಾವುದು? ಮೂರಕ್ಕೂ 'ಜರ್ಮನ್' ಅಂತ ಬರೆಸಿಕೊಂಡರೆ ದೇಶವನ್ನು ನುಂಗಲು ಕಾಗದ ಸಿದ್ಧವಾಗುತ್ತಿತ್ತು.

ಗುಟ್ಟಾಗಿ ಕೆಲಸ ಮಾಡುತ್ತಿದ್ದ ವಿರೋಧಿ ಗುಂಪುಗಳು ಮನೆಮನೆಗೆ ಸುದ್ದಿ ಮುಟ್ಟಿಸಿದವು: ಮೂರು ಸಲವೂ 'ಲಕ್ಸೆಂಬರ್ಗಿಶ್' ಅಂತಲೇ ಬರೆಯಿರಿ. ಮುಂಚಿತವಾಗಿ ತೆಗೆದು ನೋಡಿದ ಕೆಲವು ಊರುಗಳ ಚೀಟಿಗಳಲ್ಲಿ ಬಹುಪಾಲು ಜನ ಹಾಗೆಯೇ ಬರೆದಿದ್ದು ಕಂಡು ಜರ್ಮನ್ನರು ಗಣತಿಯನ್ನೇ ಕೈಬಿಟ್ಟರು. ಮರುವರ್ಷ, 1942ರ ಆಗಸ್ಟ್ 30ರಂದು ಯುವಕರನ್ನು ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸುವ ಆದೇಶ ಬಂತು. ಮರುದಿನದಿಂದಲೇ ದೇಶದಲ್ಲಿ ಮುಷ್ಕರ ಶುರುವಾಯಿತು. ಅದಕ್ಕಾಗಿ 21 ಜನರನ್ನು ಕೊಂದರು.

ನೋಡಿ, ಅದುವರೆಗೆ ಆ ಭಾಷೆಗೆ ಸರ್ಕಾರಿ ಸ್ಥಾನವೇ ಇರಲಿಲ್ಲ. ಕಾನೂನು ಬರೆಯುವುದು ಫ್ರೆಂಚಿನಲ್ಲಿ, ಪತ್ರಿಕೆ ಓದುವುದು ಜರ್ಮನ್ನಿನಲ್ಲಿ. ಮನೆ, ಸಂತೆ, ದ್ರಾಕ್ಷಿ ತೋಟದ ಮಾತು ಮಾತ್ರ ತಮ್ಮದು. ಆ ಮನೆಮಾತೇ ಕಷ್ಟಕಾಲದಲ್ಲಿ ಅವರ ಗುರುತಿನ ಚೀಟಿಯಾಯಿತು. 1984ರ ಫೆಬ್ರವರಿಯ ಕಾನೂನು ಅದನ್ನು ರಾಷ್ಟ್ರಭಾಷೆ ಅಂತ ಕರೆಯಿತು. 2008ರ ಪೌರತ್ವ ಕಾನೂನು, ಪ್ರಜೆಯಾಗಬೇಕಾದವರಿಗೆ ಆ ಭಾಷೆಯ ಬಾಯಿಪರೀಕ್ಷೆ ಇಟ್ಟಿತು. 2023ರಲ್ಲಿ ಜಾರಿಗೆ ಬಂದ ಹೊಸ ಸಂವಿಧಾನದಲ್ಲೂ ಅದರ ಹೆಸರು ಸೇರಿತು. ಫ್ರೆಂಚ್, ಜರ್ಮನ್ನನ್ನು ಅವರು ಓಡಿಸಲಿಲ್ಲ. ಮೂರನ್ನೂ ಇಟ್ಟುಕೊಂಡರು.

ಈಗ ನದಿಯ ಆಚೆಗೆ ನೋಡಿ. ಅಪಾಖ್ ಕಡೆ ಇದೇ ಮಾತು ಇತ್ತು. ಫ್ರಾನ್ಸಿನ ಶಾಲೆಗಳಲ್ಲಿ ಫ್ರೆಂಚ್ ಬಿಟ್ಟು ಬೇರೆಯದಕ್ಕೆ ಜಾಗವಿರಲಿಲ್ಲ. ಯುದ್ಧದ ನಂತರವಂತೂ ಜರ್ಮನ್ ತರಹ ಕೇಳಿಸುವ ಮಾತೆಂದರೆ ನಾಚಿಕೆಯ ವಿಷಯವಾಯಿತು. ತಂದೆತಾಯಿ ಮಕ್ಕಳ ಜೊತೆ ಆಡುವುದನ್ನು ಬಿಟ್ಟರು. ಇಂದು ಅಲ್ಲಿ ಅದು ಮುದುಕರ ಮಾತು. ಪೆರ್ಲ್ ಕಡೆ ಜರ್ಮನ್ ಶಾಲೆಯ ಶಿಷ್ಟಭಾಷೆ ಮನೆಯೊಳಗೂ ನುಗ್ಗಿ ಆಡುನುಡಿ ಸವೆಯುತ್ತಿದೆ. ಒಂದೇ ನುಡಿ, ಮೂರು ದಡ, ಮೂರು ಗತಿ. ಗೆರೆಯ ಯಾವ ಕಡೆ ಆ ಭಾಷೆಗೆ ಕಚೇರಿಯಲ್ಲಿ, ಕಾಯಿದೆಯಲ್ಲಿ ಒಂದು ಕುರ್ಚಿ ಸಿಕ್ಕಿತೋ ಆ ಕಡೆ ಅದು ಉಳಿಯಿತು.

ಗೇಟು ತೆಗೆಸಿದವರು ಲಾರಿಯವರು

ಷೆಂಗೆನ್ ಒಪ್ಪಂದ ಯಾರೋ ಮಹಾತ್ಮರ ಕನಸಿನಿಂದ ಇಳಿದು ಬಂದದ್ದು ಅಂತ ಈಗ ಭಾಷಣ ಮಾಡ್ತಾರೆ. ನಿಜಕ್ಕೂ ಅದಕ್ಕೆ ಬೆಂಕಿ ಹಚ್ಚಿದ್ದು ಲಾರಿ ಚಾಲಕರು. 1984ರ ಫೆಬ್ರವರಿಯಲ್ಲಿ ಸುಂಕದ ಸಿಬ್ಬಂದಿಯ ಚಳವಳಿಯಿಂದ ಗಡಿಗಳಲ್ಲಿ ಲಾರಿಗಳು ದಿನಗಟ್ಟಲೆ ನಿಂತವು. ರೇಗಿದ ಚಾಲಕರು ಫ್ರಾನ್ಸಿನಲ್ಲಿ ರಸ್ತೆಗಳಿಗೇ ಲಾರಿ ಅಡ್ಡ ನಿಲ್ಲಿಸಿದರು. ಸರ್ಕಾರಗಳಿಗೆ ಬಿಸಿ ಮುಟ್ಟಿತು. ಅದೇ ವರ್ಷ ಜುಲೈ 13ರಂದು ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಸಾರ್‌ಬ್ರುಕೆನ್‌ನಲ್ಲಿ ತಮ್ಮ ನಡುವಿನ ತಪಾಸಣೆ ಸಡಿಲಿಸಲು ಒಪ್ಪಿಕೊಂಡವು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಈ ಮೂರು ದೇಶಗಳು ಮೊದಲೇ ಒಂದು ಕೂಟ ಮಾಡಿಕೊಂಡಿದ್ದವು. ಅವರೂ ಸೇರಿಕೊಂಡರು.

ಸಹಿ ಹಾಕುವ ಜಾಗ ಆರಿಸುವ ಸರದಿ ಲಕ್ಸೆಂಬರ್ಗಿನದಾಗಿತ್ತು. ಮೂರು ಗಡಿ ಕೂಡುವ ಜಾಗವೇ ಆಗಲಿ ಅಂತ ಷೆಂಗೆನ್ನನ್ನು ಹಿಡಿದರು. 1985ರ ಜೂನ್ 14ರಂದು 'ಪ್ರಿನ್ಸೆಸ್ ಮರಿ ಆಸ್ಟ್ರಿಡ್' ಎಂಬ ದೋಣಿಹಡಗಿನಲ್ಲಿ ಕೂತು ಐದು ದೇಶದವರು ಸಹಿ ಮಾಡಿದರು. ಆಗ ಯೂರೋಪ್ ಸಮುದಾಯದಲ್ಲಿ ಹತ್ತು ದೇಶಗಳಿದ್ದವು. ಉಳಿದ ಐದು ದೂರ ನಿಂತವು. ದೊಡ್ಡ ತಲೆಗಳು ಯಾರೂ ಬರಲಿಲ್ಲ, ಬಂದವರೆಲ್ಲ ಕಿರಿಯ ಮಂತ್ರಿಗಳು, ಕಾರ್ಯದರ್ಶಿಗಳು.

ನದಿಯ ಮೇಲೆ ಸಹಿ ಹಾಕಿದ್ದರಲ್ಲೂ ಅರ್ಥವಿದೆ. 1816ರ ಒಪ್ಪಂದದಿಂದ ಹಿಡಿದು, ಲಕ್ಸೆಂಬರ್ಗ್ ಮತ್ತು ಜರ್ಮನಿ ನಡುವೆ ಹರಿಯುವಷ್ಟು ದೂರ ಮೊಸೆಲ್ ನದಿ ಇಬ್ಬರಿಗೂ ಸೇರಿದ ಜಂಟಿ ನೆಲ. ನಡುವೆ ಗೆರೆ ಎಳೆದು ಅರ್ಧ ನಿನ್ನದು, ಅರ್ಧ ನನ್ನದು ಅಂತ ಮಾಡಿಲ್ಲ. ದಡದಿಂದ ದಡದವರೆಗೆ ಎಲ್ಲವೂ ಇಬ್ಬರದು. 1984ರಲ್ಲಿ ಇದನ್ನು ಹೊಸ ಒಪ್ಪಂದದಲ್ಲಿ ಮತ್ತೆ ಗಟ್ಟಿ ಮಾಡಿಕೊಂಡರು. ಟಿಎಂಸಿ ಲೆಕ್ಕದಲ್ಲಿ ತುಂಗಭದ್ರೆಯನ್ನು ಅಳೆದು ಅಳೆದು ಸುಸ್ತಾದ ನಮಗೆ ಇದು ಯೋಚಿಸಬೇಕಾದ ವಿಷಯ.

ಮೊದಲ ಹೆಜ್ಜೆ ತೀರಾ ಸಣ್ಣದು. ಕಾರಿನ ಗಾಜಿಗೆ ಎಂಟು ಸೆಂಟಿಮೀಟರ್ ಅಗಲದ ಹಸಿರು ಬಿಲ್ಲೆ ಅಂಟಿಸಿಕೊಂಡವರು ವೇಗ ತಗ್ಗಿಸಿ, ನಿಲ್ಲಿಸದೆ ದಾಟಬಹುದು ಅಂತ ಮಾಡಿದರು. ಆಮೇಲೆ 1990ರ ಜೂನ್ 19ರಂದು ಅದೇ ಊರಿನಲ್ಲಿ ವಿವರವಾದ ಎರಡನೇ ಒಪ್ಪಂದ. 1995ರ ಮಾರ್ಚ್ 26ರಂದು ಏಳು ದೇಶಗಳ ನಡುವೆ ಗೇಟುಗಳು ನಿಜವಾಗಿ ತೆರೆದವು. 2025ರ ಜನವರಿ 1ರಿಂದ ರೊಮೇನಿಯಾ, ಬಲ್ಗೇರಿಯಾಗಳ ಭೂಗಡಿಯೂ ತೆರೆಯಿತು. ಹಸಿರು ಬಿಲ್ಲೆಯಿಂದ ಇಲ್ಲಿಗೆ 40 ವರ್ಷ. ನಮ್ಮಲ್ಲಿ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳ ಮಾರಾಟ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವಲ್ಲ, ಹಿಂದೂಪುರಕ್ಕೆ ಗೂಡು ಹೊತ್ತವರು, ಶಿರಾ ಕಡೆಗೆ ಅಡಿಕೆ ಹಾಕಿದವರು ಆ ದಿನ ಬಿಟ್ಟ ನಿಟ್ಟುಸಿರನ್ನು ನೆನೆದರೆ ಆ ಲಾರಿಯವರ ಸಮಾಧಾನ ನಮಗೆ ಗೊತ್ತಾಗುತ್ತದೆ.

ಗೇಟು ತೆಗೆದ ಮೇಲೆ ಊರಿಗೆ ಏನಾಯ್ತು?

ಲಾಭ ಕಣ್ಣಿಗೆ ಕಾಣುವಂಥದ್ದು. ಲಕ್ಸೆಂಬರ್ಗಿನಲ್ಲಿ ಕೂಲಿ, ಸಂಬಳ ಜಾಸ್ತಿ. ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗಳಿಂದ ಎರಡು ಲಕ್ಷಕ್ಕೂ ಹೆಚ್ಚು ಜನ ದಿನಾ ಬೆಳಿಗ್ಗೆ ಗಡಿ ದಾಟಿ ಕೆಲಸಕ್ಕೆ ಬರ್ತಾರೆ, ಸಂಜೆ ಮನೆಗೆ ಹೋಗ್ತಾರೆ. ಆ ದೇಶದ ಸಂಬಳದಾರರಲ್ಲಿ ಹೆಚ್ಚುಕಡಿಮೆ ಅರ್ಧ ಇವರೇ. ಅಲ್ಲಿ ಪೆಟ್ರೋಲು, ಸಿಗರೇಟು, ಕಾಫಿಪುಡಿ ಅಗ್ಗ. ಹಾಗಾಗಿ ಷೆಂಗೆನ್ ರಸ್ತೆಯಲ್ಲಿ ಪೆಟ್ರೋಲ್ ಬಂಕುಗಳ ಸಾಲೇ ಇದೆ. ಯೂರೋಪಿನ ಒಗ್ಗಟ್ಟಿನ ಸ್ಮಾರಕ ನೋಡಲು ಬರುವವರಿಗಿಂತ ಟ್ಯಾಂಕು ತುಂಬಿಸಲು ಬರುವವರು ಕಮ್ಮಿಯೇನಿಲ್ಲ. ಗಡಿ ಊರಿನ ವ್ಯಾಪಾರದ ಗುಣವೇ ಅದು. ಬೆಲೆಯಲ್ಲಿ ಎರಡು ರೂಪಾಯಿ ವ್ಯತ್ಯಾಸ ಇದ್ದರೆ ಸಾಕು, ಡೀಸೆಲ್ ಕ್ಯಾನು ಹಿಡಿದು ಜನ ಎತ್ತ ಓಡ್ತಾರೆ ಅಂತ ನಮಗೂ ಗೊತ್ತು.

ಊರಿನ ಹೆಸರಿಗೂ ಬೆಲೆ ಬಂತು. ಮೊದಲು ಆ ಪಂಚಾಯಿತಿಯ ಹೆಸರು ರೆಮರ್ಷನ್ ಅಂತ ಇತ್ತು. ಜಗತ್ತಿಗೆಲ್ಲ ಗೊತ್ತಾದ ಹೆಸರು ಕೈಯಲ್ಲಿರುವಾಗ ಬಿಡುವುದೇಕೆ ಅಂತ 2006ರಲ್ಲಿ ಷೆಂಗೆನ್ ಅಂತ ಬದಲಿಸಿಕೊಂಡರು. 2010ರಲ್ಲಿ ನದಿ ದಡದಲ್ಲಿ ಯೂರೋಪ್ ಮ್ಯೂಸಿಯಂ ತೆರೆದರು. ಸಹಿ ಹಾಕಿದ ಆ ಹಳೆಯ ಹಡಗನ್ನೂ ಹುಡುಕಿ, ದುರಸ್ತಿ ಮಾಡಿ, 2025ರ ನಲವತ್ತನೇ ವರ್ಷದ ಹಬ್ಬಕ್ಕೆ ಊರಿಗೆ ತಂದು ಕಟ್ಟಿದರು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಶಾಲೆ. 2007ರಲ್ಲಿ ಜರ್ಮನಿಯ ಕಡೆಯ ಪೆರ್ಲ್‌ನಲ್ಲಿ ಎರಡೂ ದೇಶ ಸೇರಿ 'ಷೆಂಗೆನ್ ಲಿಟ್ಸೆಯುಮ್' ಅನ್ನುವ ಪ್ರೌಢಶಾಲೆ ತೆರೆದವು. ಎರಡು ಸರ್ಕಾರಗಳ ಪಠ್ಯ, ಪರೀಕ್ಷೆ, ಮೇಷ್ಟ್ರುಗಳ ನಿಯಮ ಬೇರೆ ಬೇರೆ. ಆದರೂ ಕೂತು ಹೊಂದಿಸಿದರು. ಎರಡೂ ದಡದ ಮಕ್ಕಳು ಒಂದೇ ಬೆಂಚಿನಲ್ಲಿ ಕೂತರು. ಗಡಿಯಲ್ಲಿ ಓದಿದ ಹುಡುಗನಿಗೆ 'ನಿನ್ನ ಸರ್ಟಿಫಿಕೇಟು ಈ ಕಡೆ ನಡೆಯಲ್ಲ' ಅನ್ನುವ ಮಾತಿನ ಏಟು ಎಂಥದ್ದು ಅಂತ ತಿಂದವರಿಗೆ ಗೊತ್ತು.

ನಷ್ಟವೂ ಇದೆ. ಲಕ್ಸೆಂಬರ್ಗಿನಲ್ಲಿ ಸೈಟು, ಮನೆ ಬೆಲೆ ಆಕಾಶಕ್ಕೇರಿದೆ. ಅಲ್ಲಿಯ ಸಂಬಳದವರು ಅಗ್ಗದ ಮನೆ ಹುಡುಕಿ ಪೆರ್ಲ್ ಕಡೆ ಬಂದರು. ಪರಿಣಾಮ, ಪೆರ್ಲ್‌ನಲ್ಲೂ ಬೆಲೆ ಏರಿ ಅಲ್ಲೇ ಹುಟ್ಟಿದ ಹುಡುಗನಿಗೆ ಗೋಡೆ ಎಬ್ಬಿಸುವುದು ಕಷ್ಟವಾಯಿತು. ಗೇಟು ತೆಗೆದರೆ ಗಾಳಿಯ ಜೊತೆ ಧೂಳೂ ಬರುತ್ತೆ.

ಕೊಟ್ಟ ಕೈಯೇ ಕಿತ್ತುಕೊಂಡಾಗ

2015ರಲ್ಲಿ ಪ್ಯಾರಿಸ್‌ನಲ್ಲಿ ಭಯೋತ್ಪಾದಕರ ದಾಳಿ ಆದಾಗಿನಿಂದ ಫ್ರಾನ್ಸ್ ತನ್ನ ಒಳಗಡಿಗಳಲ್ಲಿ ತಪಾಸಣೆಯ ಅವಕಾಶವನ್ನು ಮುಂದುವರಿಸುತ್ತಾ ಬಂತು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಜರ್ಮನಿ ಲಕ್ಸೆಂಬರ್ಗಿನ ಕಡೆಯ ಗಡಿಯಲ್ಲಿ ಅಡ್ಡಗಟ್ಟೆ ಇಟ್ಟಿತು. ಮೇ ಮಧ್ಯದವರೆಗೆ ಸೇತುವೆಗಳೇ ಬೇಲಿಯಾದವು. ಆಮೇಲೆ 2024ರ ತಪಾಸಣೆ. ಪೆರ್ಲ್ ಬಳಿಯ ಹೆದ್ದಾರಿಯಲ್ಲಿ ಬೆಳಿಗ್ಗೆ ಸಂಜೆ ವಾಹನಗಳ ಸಾಲು. 2025ರಲ್ಲಿ ಲಕ್ಸೆಂಬರ್ಗ್ ಸರ್ಕಾರ ಯೂರೋಪ್ ಆಯೋಗದ ಮುಂದೆ ಆಕ್ಷೇಪ ಎತ್ತಿತು.

ಜರ್ಮನಿಯ ವಾದವನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಹೊರಗಿನ ಬೇಲಿ ಸಡಿಲವಾದರೆ ಒಳಗಿನ ಬಾಗಿಲು ಮುಚ್ಚಬೇಕೆನ್ನುವ ಭಯ ಅಲ್ಲಿಯ ಮತದಾರರಲ್ಲಿದೆ. ಮತದಾರರ ಭಯಕ್ಕೆ ಸರ್ಕಾರ ಉತ್ತರ ಕೊಡಲೇಬೇಕು. ಆದರೆ ಆ ಉತ್ತರದ ಖರ್ಚನ್ನು ಕಟ್ಟುವವರು ಯಾರು? ಬರ್ಲಿನ್ನಿನಲ್ಲಿ ಕೂತ ಮತದಾರನಲ್ಲ. ದಿನಾ ಸೇತುವೆ ದಾಟುವ ನರ್ಸು, ಗಾರೆಯವನು, ತರಕಾರಿ ಗಾಡಿಯವನು. ಗಡಿಯ ಕಥೆ ಎಲ್ಲಾ ಕಡೆ ಇದೇ. ತೀರ್ಮಾನ ರಾಜಧಾನಿಯಲ್ಲಿ, ಸರದಿ ಸಾಲು ಗಡಿಯಲ್ಲಿ.

ಇಲ್ಲಿಂದ ಒಂದು ವಿಷಯ ಬಿಡಿಸಿ ನೋಡಬಹುದು. ಆದೇಶದಿಂದ ತೆರೆದ ಗೇಟು ಆದೇಶದಿಂದ ಮುಚ್ಚುತ್ತದೆ. 40 ವರ್ಷ ಆದರೂ ಅಷ್ಟೆ. ಆದರೆ ಈ ತಪಾಸಣೆಗಳ ನಡುವೆಯೂ ಜಂಟಿ ಶಾಲೆ ನಡೆಯಿತು. ನದಿಯನ್ನು ಯಾರೂ ಎರಡು ಮಾಡಲಿಲ್ಲ, 1816ರಿಂದ ಎಷ್ಟೋ ಯುದ್ಧ ಕಂಡರೂ ಆ ಜಂಟಿ ಹಕ್ಕಿನ ಏರ್ಪಾಡು ಬಿದ್ದುಹೋಗಲಿಲ್ಲ. ಕಾಯಿದೆಯಲ್ಲಿ ಕೂತ ಭಾಷೆ ಅಲ್ಲಾಡಲಿಲ್ಲ. ಅಂದರೆ ಗಡಿ ಜನರಿಗೆ ನಿಜವಾದ ಆಸ್ತಿ ಗೇಟಿನ ಹತ್ತಿರ ಇಲ್ಲ. ಶಾಲೆಯಲ್ಲಿ, ಜಂಟಿ ಹಕ್ಕಿನಲ್ಲಿ, ದಾಖಲೆಯಲ್ಲಿ ಇದೆ.

ನಮ್ಮ ಪಾಲಿಗೆ

ನಮ್ಮ ಗಡಿ ಒಂದೇ ದೇಶದೊಳಗಿನ ಗಡಿ. ಪಾಸ್‌ಪೋರ್ಟು ಬೇಡ, ಪೊಲೀಸರ ಸಾಲೂ ಇಲ್ಲ. ಆ ಲೆಕ್ಕದಲ್ಲಿ ನಾವು ಷೆಂಗೆನ್ನಿನವರಿಗಿಂತ ಪುಣ್ಯವಂತರು. ಈ ಕಡೆ ಅಡಂಗಲ್, ಆ ಕಡೆ ಪಹಣಿ ಅಂತ ಎರಡು ಕಾಗದ ಹಿಡಿದು ಓಡಾಡುವುದೊಂದು ಬಿಟ್ಟರೆ, ನಮ್ಮ ಗೇಟು ತೆರೆದೇ ಇದೆ. ಹಾಗಿದ್ದೂ ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಕನ್ನಡದ ಹಲಗೆ ಓದಲಾರದೆ ನಿಲ್ಲುವುದನ್ನು ನಾನು ನಮ್ಮ ಕಡೆ ಕಂಡಿದ್ದೇನೆ. ಗೇಟು ತೆರೆದಿದ್ದರೆ ಭಾಷೆ ತಾನಾಗಿ ಉಳಿಯುತ್ತೆ ಅನ್ನುವುದು ಸುಳ್ಳು ಅನ್ನುವುದಕ್ಕೆ ಅಪಾಖಿನ ಮುದುಕರೇ ಸಾಕ್ಷಿ.

ನನ್ನ ಮಟ್ಟಿಗೆ ತೆಲುಗು ಅನ್ನ ಕೊಟ್ಟ ಭಾಷೆ, ಕನ್ನಡ ತಾಯಿ ಕೊಟ್ಟ ಭಾಷೆ. ಒಂದನ್ನು ಎತ್ತಲು ಇನ್ನೊಂದನ್ನು ಇಳಿಸಬೇಕಿಲ್ಲ. ಲಕ್ಸೆಂಬರ್ಗಿನ ರೈತ ಮೂರು ಭಾಷೆ ಇಟ್ಟುಕೊಂಡೂ ತನ್ನದನ್ನು ತನ್ನದು ಅಂತ ಬರೆದ. 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ನಮ್ಮ ದೇಶದ ಜನಗಣತಿ ನಿಗದಿಯಾಗಿದೆ. ಹಿಂದಿನ ಗಣತಿಗಳ ಚೀಟಿಯಲ್ಲಿ ಮಾತೃಭಾಷೆಗೆ ಒಂದು ಕಾಲಂ, ಬಲ್ಲ ಬೇರೆ ಭಾಷೆಗಳಿಗೆ ಇನ್ನೊಂದು ಕಾಲಂ ಇತ್ತು. ನಮ್ಮ ಮೇಲೆ 1941ರ ಹಾಗೆ ಬಂದೂಕಿನ ಭಯವಿಲ್ಲ. ಇರುವುದು ಉದಾಸೀನ ಒಂದೇ. ಗಣತಿಯವರು ಬಂದಾಗ ಹೊಲದಲ್ಲಿದ್ದೇವೆ, 'ಏನೋ ಒಂದು ಬರ್ಕೊಳ್ಳಿ ಸಾರ್' ಅಂದುಬಿಡುತ್ತೇವೆ. ಆ 'ಏನೋ ಒಂದು' ಲೆಕ್ಕಕ್ಕೆ ಸೇರುತ್ತದೆ. ಶಾಲೆ ಕೇಳಲು, ಮೇಷ್ಟ್ರನ್ನು ಕೇಳಲು, ಅರ್ಜಿ ನಮೂನೆ ನಮ್ಮ ಭಾಷೆಯಲ್ಲಿ ಕೇಳಲು ಹೋದಾಗ ಅಧಿಕಾರಿ ಮೊದಲು ತೆಗೆದು ನೋಡುವುದು ಆ ಲೆಕ್ಕವನ್ನೇ.

ಆದ್ದರಿಂದ ಗಣತಿಯವರು ಬಾಗಿಲಿಗೆ ಬಂದ ದಿನ, ಕೆಲಸ ಅರ್ಧ ಗಂಟೆ ನಿಲ್ಲಿಸಿ ಮನೆಗೆ ಬನ್ನಿ. ಯಾವ ಭಾಷೆಯಲ್ಲಿ ಅಮ್ಮ ಕರೆದಳೋ ಅದನ್ನು ಮೊದಲ ಕಾಲಮ್ಮಿನಲ್ಲಿ, ಯಾವುದರಲ್ಲಿ ಸಂತೆ ಮಾಡಿದಿರೋ ಅದನ್ನು ಎರಡನೆಯದರಲ್ಲಿ ನಿಮ್ಮ ಕಣ್ಣೆದುರೇ ಬರೆಸಿ. ಆಮೇಲೆ ಹೊಲಕ್ಕೆ ಹೋದರಾಯಿತು.